ಬಂಪರ್ ಸೀಳಿದೆ, ಕ್ಲಿಪ್ ಮುರಿದಿದೆ: ಕಾರಿನ ಪ್ಲಾಸ್ಟಿಕ್ ಅಂಟಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಕ್ಯಾನಿಕ್ ಅಲ್ಲ. ಹಳೇ ಕಾರು ಇಟ್ಟುಕೊಂಡು, ಭಾನುವಾರ ಬೆಳಗ್ಗೆ ಚಾಪೆ ಹಾಸಿ ಅದರಡಿ ತೂರುವ ಜಾತಿ. ನೆಂಟರು, ಪಕ್ಕದ ಮನೆಯವರು, ಆಫೀಸಿನವರು ಕೇಳುವುದೆಲ್ಲ ಹೆಚ್ಚುಕಮ್ಮಿ ಒಂದೇ: "ಇದಕ್ಕೆ ಯಾವ ಗಮ್ ಹಾಕಿದ್ರೆ ನಿಲ್ಲುತ್ತೆ?" ನಾನು ತಿರುಗಿ ಕೇಳುವುದೂ ಒಂದೇ: ಅದರ ಹಿಂದೆ ಏನು ಬರೆದಿದೆ ನೋಡಿದ್ರಾ?

ಹಿಂದೆ ಏನು ಬರೆದಿರುತ್ತೆ?

ಮುರಿದ ಭಾಗವನ್ನು ಬಿಚ್ಚಿ ಬೋರಲು ಹಾಕಿ. ಒಳಮೈಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ, > < ಈ ತರಹದ ಎರಡು ಮೊನೆಗಳ ನಡುವೆ, ಉಬ್ಬಿದ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಗುರುತು ಇರುತ್ತದೆ. ಐಎಸ್‌ಒ 11469 ಮಾನದಂಡದ ಪ್ರಕಾರ ಅಚ್ಚಿನಲ್ಲೇ ಬರುವ ಗುರುತು ಇದು. ಕಾರು ಗುಜರಿಗೆ ಹೋದಾಗ ಪ್ಲಾಸ್ಟಿಕ್ ವಿಂಗಡಿಸಲು ಸುಲಭವಾಗಲಿ ಅಂತ ಮಾಡಿದ್ದು, ಅಂಟು ಆರಿಸುವವರಿಗೂ ಒದಗುತ್ತದೆ.

ಬಂಪರ್ ಮೇಲೆ ಸಾಮಾನ್ಯವಾಗಿ ಕಾಣುವುದು >ಪಿಪಿ+ಇಪಿಡಿಎಂ-ಟಿ20<. ಪಿಪಿ ಅಂದರೆ ಪಾಲಿಪ್ರೊಪಿಲೀನ್, ಇಪಿಡಿಎಂ ಅಂದರೆ ರಬ್ಬರು, ಟಿ20 ಅಂದರೆ ಶೇ. 20ರಷ್ಟು ಟಾಲ್ಕ್, ಅದೇ ಮುಖದ ಪೌಡರಿನ ಖನಿಜ. ಗ್ರಿಲ್, ಕನ್ನಡಿಯ ಹೊರಕವಚಗಳಲ್ಲಿ ಹೆಚ್ಚಾಗಿ ಎಬಿಎಸ್ ಅಥವಾ ಎಎಸ್‌ಎ ಎಂಬ ಗಡಸು ಪ್ಲಾಸ್ಟಿಕ್. ಹೆಡ್‌ಲೈಟಿನ 'ಗಾಜು' ಗಾಜಲ್ಲ, ಪಿಸಿ, ಅಂದರೆ ಪಾಲಿಕಾರ್ಬೊನೇಟ್. ಹಿಂದಿನ ಕೆಂಪು ದೀಪದ ಮುಚ್ಚಳ ಹೆಚ್ಚಾಗಿ ಪಿಎಂಎಂಎ, ಅಂದರೆ ಅಕ್ರಿಲಿಕ್. ಬಾನೆಟ್ ಎತ್ತಿದರೆ ಪಿಎ66-ಜಿಎಫ್30: ಶೇ. 30 ಗಾಜಿನ ನಾರು ಬೆರೆಸಿದ ನೈಲಾನ್. ಒಂದೇ ಕಾರಿನಲ್ಲಿ ಇಷ್ಟೊಂದು ಜಾತಿ ಇರುವಾಗ ಎಲ್ಲಕ್ಕೂ ಒಂದೇ ಗಮ್ ಹೇಗೆ ಆದೀತು?

ಗುರುತು ಸಿಗದಿದ್ದರೆ?

ಮೊದಲು ಕೈಯಲ್ಲಿ ಮುಟ್ಟಿ. ಪಿಪಿ ಮೇಲೆ ಉಗುರು ಎಳೆದರೆ ಮೇಣದಬತ್ತಿ ಮೇಲೆ ಎಳೆದ ಹಾಗೆ ಜಾರುತ್ತದೆ. ಎಬಿಎಸ್ ಗಡಸು, ಬೆರಳಲ್ಲಿ ತಟ್ಟಿದರೆ ಟಕ್ ಎನ್ನುತ್ತದೆ.

ಚೂರು ಕೆತ್ತಿ ನೀರಿಗೆ ಹಾಕಿ ನೋಡುವ ಪರೀಕ್ಷೆ ಎಲ್ಲರೂ ಹೇಳುತ್ತಾರೆ: ಪಿಪಿ, ಪಿಇ (ಪಾಲಿಎಥಿಲೀನ್) ತೇಲುತ್ತವೆ, ಎಬಿಎಸ್, ನೈಲಾನ್, ಪಿಸಿ ಮುಳುಗುತ್ತವೆ. ಶುದ್ಧ ಪಿಪಿಗೆ ಇದು ನಿಜ, ಅದರ ಸಾಂದ್ರತೆ 0.9ರ ಆಸುಪಾಸು. ಆದರೆ ಶೇ. 20 ಟಾಲ್ಕ್ ಸೇರಿದರೆ ಅದೇ ಪಿಪಿ ನೀರಿಗಿಂತ ಭಾರವಾಗಿ ಮುಳುಗಬಹುದು. ಹಾಗಾಗಿ ತೇಲಿದರೆ ನಂಬಿ, ಮುಳುಗಿದರೆ ತೀರ್ಮಾನಕ್ಕೆ ಬರಬೇಡಿ.

ಅಸಿಟೋನ್ (ನೇಲ್ ಪಾಲಿಶ್ ತೆಗೆಯುವ ದ್ರಾವಕ) ಪರೀಕ್ಷೆ ಇದಕ್ಕಿಂತ ಗಟ್ಟಿ. ಕಾಣದ ಮೂಲೆಯಲ್ಲಿ ಒಂದು ತೊಟ್ಟು ಹಚ್ಚಿ. ಎಬಿಎಸ್ ಆದರೆ ಅರ್ಧ ನಿಮಿಷದಲ್ಲಿ ಜಿಗುಟಾಗುತ್ತದೆ. ಪಿಪಿ ಆದರೆ ಏನೂ ಆಗುವುದಿಲ್ಲ. ಪಾರದರ್ಶಕ ಭಾಗಗಳ ಮೇಲೆ ಮಾತ್ರ ಈ ಪ್ರಯೋಗ ಬೇಡ. ಪಿಸಿ ಮೇಲೆ ಅಸಿಟೋನ್ ಬಿದ್ದರೆ ಬೆಳ್ಳಗಾಗಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ, ಆಮೇಲೆ ಹೆಡ್‌ಲೈಟನ್ನೇ ಹೊಸದು ತರಬೇಕಾಗುತ್ತದೆ.

ಇನ್‌ಸ್ಟಂಟ್ ಗಮ್ ಹಾಕಿದೆ, ಎರಡೇ ದಿನಕ್ಕೆ ಬಿಟ್ಟುಕೊಂಡಿತು. ಡೂಪ್ಲಿಕೇಟ್ ಮಾಲಾ?

ಮಾಲು ಸರಿಯಾಗೇ ಇತ್ತು. ಕೆಸುವಿನ ಎಲೆ ಮೇಲೆ ನೀರು ಹಾಕಿದರೆ ಏನಾಗುತ್ತದೆ? ಮುತ್ತಿನ ಹಾಗೆ ಉರುಳುತ್ತದೆ, ಎಲೆ ಒದ್ದೆಯಾಗುವುದೇ ಇಲ್ಲ. ಪಿಪಿ ಮೇಲೆ ಅಂಟಿನ ಕಥೆಯೂ ಹೆಚ್ಚುಕಮ್ಮಿ ಅದೇ. ಅಂಟು ಹಿಡಿಯಬೇಕಾದರೆ ಮೊದಲು ಅದು ಮೈಮೇಲೆ ಹರಡಿಕೊಳ್ಳಬೇಕು. ಪ್ರತಿ ವಸ್ತುವಿನ ಮೈಗೂ ಒಂದು ಸೆಳೆತದ ಶಕ್ತಿ ಇದೆ, ವಿಜ್ಞಾನದ ಭಾಷೆಯಲ್ಲಿ ಮೇಲ್ಮೈ ಶಕ್ತಿ. ಪಿಪಿಯದು ಮೀಟರಿಗೆ ಸುಮಾರು 30 ಮಿಲಿನ್ಯೂಟನ್, ಎಬಿಎಸ್‌ನದು ಅದಕ್ಕಿಂತ ಹೆಚ್ಚು, ನೈಲಾನಿನದು 40ಕ್ಕೂ ಮೇಲೆ. ಎಪಾಕ್ಸಿಯಂಥ (ಎರಡು ಪಾಲು ಬೆರೆಸಿ ಹಾಕುವ) ಅಂಟಿನ ಸೆಳೆತವೂ 40ರ ಮೇಲೇ. ಅಂಟು ತನ್ನನ್ನು ತಾನೇ ಎಳೆದುಕೊಳ್ಳುವಷ್ಟು ಬಲವಾಗಿ ಪಿಪಿ ಅದನ್ನು ಎಳೆಯದೆ ಇದ್ದರೆ, ಅಂಟು ಮೇಲೆ ಕೂರುತ್ತದೆ ಅಷ್ಟೇ, ಹಿಡಿಯುವುದಿಲ್ಲ. ಒಣಗಿದ ಮೇಲೆ ಉಗುರಿನಲ್ಲಿ ಎಬ್ಬಿಸಿದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಎರಡನೆಯ ಕಾರಣ, ಇನ್‌ಸ್ಟಂಟ್ ಗಮ್, ಅಂದರೆ ಸಯನೋಅಕ್ರಿಲೇಟ್, ಒಣಗಿದ ಮೇಲೆ ಗಾಜಿನ ಹಾಗೆ ಪೆಡಸು. ಬಂಪರ್ ಬಾಗಬೇಕು, ಅದು ಬಾಗುವುದಿಲ್ಲ. ಹಂಪ್ ಮೇಲೆ ಒಂದು ಸಲ ದಡಕ್ ಅಂದರೆ ಸಾಕು, ಟಪ್ ಅಂತ ಬಿಡುತ್ತದೆ.

ಈ ಅಂಟನ್ನು 1942ರಲ್ಲಿ ಅಮೆರಿಕದಲ್ಲಿ ಹ್ಯಾರಿ ಕೂವರ್ ಅವರ ತಂಡ ಕಂಡಾಗ, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಅಂತ ಬೇಸತ್ತು ಬದಿಗಿಟ್ಟಿತ್ತಂತೆ. ಅದು ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಎಲ್ಲಕ್ಕೂ ಅಂಟುವ ಇದು ಅಂಟದಿರುವುದು ನಮ್ಮ ಬಂಪರಿಗೇ! ನಂಬಿಕೆ ಬರದಿದ್ದರೆ ಅದರ ಬಾಟಲಿ ನೋಡಿ. ಸಾಮಾನ್ಯವಾಗಿ ಪಾಲಿಎಥಿಲೀನ್‌ನದು, ಪಿಪಿಯ ದಾಯಾದಿ. ಅಲ್ಲಿ ಅಂಟಿಕೊಳ್ಳುವುದಿಲ್ಲ ಅಂತಲೇ ಅದರಲ್ಲಿ ತುಂಬುತ್ತಾರೆ.

ಇನ್‌ಸ್ಟಂಟ್ ಗಮ್ ಮೇಲೆ ಅಡುಗೆ ಸೋಡಾ ಉದುರಿಸಿದರೆ ಕಲ್ಲಾಗುತ್ತದಲ್ಲ?

ಆಗುತ್ತದೆ. ಎಬಿಎಸ್ ಭಾಗದ ಒಳಗಿನ ಮುರಿದ ಕ್ಲಿಪ್ಪಿನ ಬುಡಕ್ಕೆ ನಾನೂ ಮಾಡುತ್ತೇನೆ. ಆದರೆ ಅದು ಕಲ್ಲೇ, ಬಾಗುವ ಜಾಗಕ್ಕೆ ಬೇಡ. ಸೋಡಾ ಬೀಳುತ್ತಿದ್ದ ಹಾಗೆ ಬಿಸಿಯಾಗಿ ಹೊಗೆ ಬರುತ್ತದೆ, ಮುಖ ಹತ್ತಿರ ಇಡಬೇಡಿ. ಸೋಡಾ ಬದಲು ಹತ್ತಿ ತುರುಕಲು ಹೋಗಲೇಬೇಡಿ, ಹತ್ತಿಯ ಜೊತೆ ಸೇರಿದರೆ ಸುಡುವಷ್ಟು ಕಾವು ಹುಟ್ಟುತ್ತದೆ.

ಹಾಗಾದರೆ ಪಿಪಿ ಬಂಪರ್ ಅಂಟಿಸೋಕೆ ಆಗೋದೇ ಇಲ್ವಾ?

ಆಗುತ್ತದೆ, ಅದರ ಮೈಯನ್ನು ಮೊದಲು ಒಪ್ಪಿಸಬೇಕು. ಎರಡು ದಾರಿ.

ಒಂದು, ಅಡ್ಹೀಷನ್ ಪ್ರಮೋಟರ್. ಕ್ಲೋರಿನೇಟೆಡ್ ಪಾಲಿಓಲೆಫಿನ್ ಇರುವ ತೆಳ್ಳಗಿನ ದ್ರವ, ಸ್ಪ್ರೇ ಡಬ್ಬಿಯಲ್ಲೂ ಬರುತ್ತದೆ. ಕಾರಿನ ಪೇಂಟ್ ಅಂಗಡಿಯಲ್ಲಿ 'ಪ್ಲಾಸ್ಟಿಕ್ ಪ್ರೈಮರ್' ಅಂತ ಕೇಳಿ, ಪಿಪಿಗೆ ಆಗುತ್ತದೋ ಅಂತ ಡಬ್ಬಿ ಓದಿ ಖಚಿತ ಮಾಡಿಕೊಳ್ಳಿ.

ಇನ್ನೊಂದು, ಬೆಂಕಿ. ಸಣ್ಣ ಗ್ಯಾಸ್ ಟಾರ್ಚಿನ ನೀಲಿ ಜ್ವಾಲೆಯ ತುದಿಯನ್ನು ಮೈಮೇಲೆ ಸರಕ್ಕನೆ ಒಮ್ಮೆ ಆಡಿಸಿ ತೆಗೆಯುವುದು. ಎಲ್ಲೂ ನಿಲ್ಲಿಸಬಾರದು, ಹೊಳಪು ಬರಬಾರದು, ಕರಗಬಾರದು. ಮೈ ಆಮ್ಲಜನಕ ಹಿಡಿದು ಅಂಟಿಗೆ ಒಗ್ಗುತ್ತದೆ. ಆಗಿದೆಯೋ ಇಲ್ಲವೋ ನೋಡಲು ಶುದ್ಧ ನೀರು ಚಿಮುಕಿಸಿ. ಬೆಂಕಿ ತೋರಿಸದ ಕಡೆ ಹನಿ ಗುಂಡಗೆ ನಿಲ್ಲುತ್ತದೆ, ತೋರಿಸಿದ ಕಡೆ ಮಗ್ಗುಲಾಗಿ ಹಾಳೆಯಂತೆ ಹರಡುತ್ತದೆ. ಮೊದಲ ಸಲ ಇದನ್ನು ಕಂಡಾಗ ನನಗೆ ಜಾದೂ ನೋಡಿದ ಹಾಗಾಗಿತ್ತು. ಒರೆಸಿ, ಒಣಗಿಸಿ, ತಡ ಮಾಡದೆ ಅಂಟು ಹಾಕಿ. ಥಿನ್ನರ್, ಅಸಿಟೋನ್ ಯಾವುದೂ ಅಕ್ಕಪಕ್ಕ ಇರಕೂಡದು.

ಅಂಟು ಯಾವುದು ಅಂದರೆ, ಎರಡು ಟ್ಯೂಬಿನ ಪಾಲಿಯುರೆಥೇನ್. ಜೋಡಿ ಕೊಳವೆಯ 50 ಮಿಲಿ ಕಾರ್ಟ್ರಿಜ್ಜಿನಲ್ಲಿ ಬಂಪರ್ ರಿಪೇರಿಗೆಂದೇ ಬರುತ್ತದೆ. ಒಣಗಿದ ಮೇಲೂ ಚೂರು ಬಾಗುತ್ತದೆ, ನಮಗೆ ಬೇಕಾದದ್ದು ಅದೇ.

ಬಂಪರಿನ ಸೀಳು ಮುಚ್ಚುವುದು ಹೇಗೆ, ಮೊದಲಿಂದ ಹೇಳಿ.

ನನ್ನ ಕಾರಿನದ್ದೇ ಹೇಳುತ್ತೇನೆ. ಬೇಸ್‌ಮೆಂಟಿನ ಇಳಿಜಾರಿನಲ್ಲಿ ಬಂಪರಿನ ಕೆಳತುದಿ ತಾಗಿ ಸುಮಾರು 12 ಸೆಂ.ಮೀ. ಸೀಳಿತ್ತು. ಮೊದಲ ಸಲ ಸೀಳಿನ ಮೇಲೆ ಅಂಟು ಬಳಿದು ಕೈತೊಳೆದುಕೊಂಡಿದ್ದೆ, ತಿಂಗಳಲ್ಲಿ 15 ಸೆಂ.ಮೀ. ಆಯಿತು. ಎರಡನೇ ಸಲ ಮಾಡಿದ್ದು ಹೀಗೆ.

ಬಂಪರ್ ಬಿಚ್ಚಿದೆ. ಮೇಲೆ ಇಟ್ಟುಕೊಂಡೇ ಮಾಡಬಹುದು, ಆದರೆ ಹಿಂಬದಿಗೆ ಕೈ ಹೋಗುವುದಿಲ್ಲ, ಕೆಲಸವೆಲ್ಲ ಇರುವುದು ಹಿಂಬದಿಯಲ್ಲೇ. ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿ ತೊಳೆದು, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದೆ. ಉಪ್ಪುಕಾಗದ ಹಿಡಿಯುವ ಮೊದಲೇ ಇದು ಆಗಬೇಕು. ಪಾಲಿಷು, ಡ್ಯಾಶ್‌ಬೋರ್ಡಿಗೆ ಹಾಕುವ ಸಿಲಿಕೋನ್ ಎಣ್ಣೆ ಇದ್ದ ಹಾಗೇ ಉಜ್ಜಿದರೆ ಜಿಡ್ಡನ್ನು ಗೀರುಗಳೊಳಕ್ಕೆ ತಳ್ಳಿದ ಹಾಗೆ.

ಆಮೇಲೆ ಸೀಳಿನ ತುದಿ ಹುಡುಕಬೇಕು. ಕಣ್ಣಿಗೆ ಕಾಣುವ ತುದಿ ನಿಜವಾದ ತುದಿಯಲ್ಲ. ಹಿಂದಿನಿಂದ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ, ಮುಂದೆ ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಎಲ್ಲಿಯವರೆಗೆ ಬಾಯಿ ಬಿಡುತ್ತದೆ ನೋಡಿ. ಅಲ್ಲಿಗೆ 3 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಒಂದು ತೂತು. ಇರುವ ಬಂಪರಿಗೇ ತೂತು ಹಾಕುವುದು ಮನಸ್ಸಿಗೆ ಒಗ್ಗದ ಕೆಲಸ. ಆದರೆ ಚೂಪು ತುದಿಯಲ್ಲಿ ಒತ್ತಡವೆಲ್ಲ ಒಂದೇ ಬಿಂದುವಿಗೆ ಬೀಳುತ್ತದೆ, ಗುಂಡಗಿನ ತೂತಿನಲ್ಲಿ ಹಂಚಿಹೋಗುತ್ತದೆ, ಸೀಳು ಅಲ್ಲಿಗೆ ನಿಲ್ಲುತ್ತದೆ. ಮೊದಲ ಸಲ ನಾನು ಬಿಟ್ಟದ್ದು ಇದನ್ನೇ.

ಮುಂಬದಿಯಲ್ಲಿ ಸೀಳನ್ನು ಮಟ್ಟವಾಗಿ ಕೂಡಿಸಿ ಅಲ್ಯೂಮಿನಿಯಂ ಟೇಪು ಹಾಕಿದೆ. ಹಿಂಬದಿಯಲ್ಲಿ ಸೀಳಿನ ಎರಡೂ ಕಡೆ ನಾಲ್ಕು ನಾಲ್ಕು ಸೆಂ.ಮೀ. ಅಗಲ 80 ನಂಬರಿನ ಉಪ್ಪುಕಾಗದದಲ್ಲಿ ಒರಟು ಮಾಡಿ, ಸೀಳಿನ ಉದ್ದಕ್ಕೂ ವಿ ಆಕಾರದ ಕಾಲುವೆ ಕೆತ್ತಿದೆ. ಇಲ್ಲಿ ಗ್ರೈಂಡರ್ ಬೇಡ. ವೇಗ ಹೆಚ್ಚಾದರೆ ಪಿಪಿ ಪುಡಿಯಾಗುವುದಿಲ್ಲ, ಕರಗಿ ಮೆತ್ತಿಕೊಳ್ಳುತ್ತದೆ, ಅಂಚಿನಲ್ಲಿ ಜೂಲು ಏಳುತ್ತದೆ. ಕೈಯಲ್ಲೇ ನಿಧಾನ. ಪುಡಿ ಒರೆಸಿ, ಪ್ರಮೋಟರ್ ಹೊಡೆದು, ಡಬ್ಬಿ ಹೇಳಿದಷ್ಟು ಹೊತ್ತು ಕಾದು, ಅಂಟು ತುಂಬಿ, ಅದರ ಮೇಲೆ ಗಾಜಿನ ನಾರಿನ ಜಾಲರಿ ಪಟ್ಟಿ ಒತ್ತಿ, ಮೇಲೆ ಇನ್ನೊಂದು ಪದರ ಅಂಟು ಎಳೆದೆ. ಜಾಲರಿಗೆ ಜಿಪ್ಸಂ ಬೋರ್ಡಿನ ಸಂದಿಗೆ ಹಾಕುವ ಪಟ್ಟಿ ಸಾಕು.

ಕಾರ್ಟ್ರಿಜ್ಜಿನ ಮೊದಲ ಒಂದಿಂಚು ಹಾಳೆ ಮೇಲೆ ಹಿಂಡಿ ಬಿಸಾಡಿ, ಅದರಲ್ಲಿ ಎರಡೂ ಪಾಲು ಸಮನಾಗಿ ಬೆರೆತಿರುವುದಿಲ್ಲ. ಜುಗ್ಗತನ ಮಾಡುವ ಜಾಗ ಇದಲ್ಲ.

ಮಾರನೇ ದಿನ ಟೇಪು ಕಿತ್ತು ಮುಂಬದಿಗೂ ಅದೇ ಕಾಲುವೆ, ಅದೇ ಪ್ರಮೋಟರ್, ಅದೇ ಅಂಟು, ಜಾಲರಿ ಮಾತ್ರ ಇಲ್ಲ. ಒಣಗಿದ ಮೇಲೆ 180, ನಂತರ 320 ಉಪ್ಪುಕಾಗದ. ಹಿಂದೆ ತೋರವಾಗಿ ಕೊಳಕಾಗಿ ಕಂಡರೂ ಪರವಾಗಿಲ್ಲ, ಯಾರು ಬಗ್ಗಿ ನೋಡುತ್ತಾರೆ?

ಅರಾಲ್ಡೈಟ್, ಎಂ-ಸೀಲ್ ಮನೆಯಲ್ಲೇ ಇದೆ. ಅದು ನಡೆಯುತ್ತಾ?

ಎರಡೂ ಎಪಾಕ್ಸಿ. ಎಬಿಎಸ್, ಗಾಜಿನ ನಾರಿನ ನೈಲಾನ್, ಲೋಹಕ್ಕೆ ಒಳ್ಳೆಯದು. ಪಿಪಿಗೆ ಮೇಲೆ ಹೇಳಿದ ಉಪಚಾರವಿಲ್ಲದೆ ನಿಲ್ಲುವುದಿಲ್ಲ, ನಿಂತರೂ ಬಾಗುವುದಿಲ್ಲ.

ನಮ್ಮಲ್ಲಿ ಒಂದು ಗಟ್ಟಿ ನಂಬಿಕೆ ಇದೆ: "ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಿ, ಬೇಗ ಒಣಗುತ್ತೆ." ಇದು ಟಿಂಕರಿಂಗ್ ಶೆಡ್ಡಿನ ಪಾಲಿಯೆಸ್ಟರ್ ಪುಟ್ಟಿಯಿಂದ ಬಂದ ಅಭ್ಯಾಸ. ಅಲ್ಲಿ ಹಾರ್ಡನರ್ ಕ್ರಿಯೆಯನ್ನು ಎಬ್ಬಿಸುವ ಕಿಡಿ ಮಾತ್ರ, ಶೇ. 2ರಷ್ಟು ಹಾಕುತ್ತಾರೆ, ಚೂರು ಏರುಪೇರಾದರೂ ನಡೆಯುತ್ತದೆ. ಎಪಾಕ್ಸಿಯಲ್ಲಿ ಹಾಗಲ್ಲ. ಹಾರ್ಡನರ್ ರೆಸಿನ್ನಿನ (ಇನ್ನೊಂದು ಪಾಲಿನ) ಜೊತೆ ಜೋಡಿಯಾಗಿ ಅಂಟಿನ ಒಡಲೇ ಆಗುತ್ತದೆ. ಜಾಸ್ತಿ ಹಾಕಿದ್ದು ಜೋಡಿ ಸಿಗದೆ ಉಳಿದು, ಅಂಟು ರಬ್ಬರಿನ ಹಾಗೆ ಜಿಗುಟಾಗೇ ಇರುತ್ತದೆ. ಪ್ಯಾಕೆಟ್ ಮೇಲಿನ ಅಳತೆಯೇ ಅಳತೆ. ಐದು ನಿಮಿಷದ ಎಪಾಕ್ಸಿ ಬಿಸಿಲಿಗೆ ಇನ್ನೂ ಮೆತ್ತಗೆ. ಏಪ್ರಿಲ್ ಮಧ್ಯಾಹ್ನ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುತ್ತದೆ, ಅಲ್ಲಿಗೆ ಇದನ್ನು ನಂಬಬೇಡಿ.

ಎಬಿಎಸ್ ಗ್ರಿಲ್ ಕಡ್ಡಿ ಮುರಿದು ಒಂದು ಚೂರು ಕಳೆದೇಹೋಗಿದೆ.

ನನಗೆ ಇಷ್ಟದ ಕೆಲಸ ಇದು. ಗುಜರಿಯಿಂದ ಯಾವುದಾದರೂ ಒಡೆದ ಎಬಿಎಸ್ ಭಾಗ ತಂದು, ಕಡಲೆಬೇಳೆ ಗಾತ್ರಕ್ಕೆ ಕತ್ತರಿಸಿ, ಗಾಜಿನ ಶೀಶೆಯಲ್ಲಿ ಅಸಿಟೋನ್ ಮುಳುಗುವಷ್ಟು ಹಾಕಿ ಮುಚ್ಚಿಡಿ. ಬೆಳಗಾಗುವಷ್ಟರಲ್ಲಿ ದೋಸೆಹಿಟ್ಟಿನ ಹದಕ್ಕೆ ಬಂದಿರುತ್ತದೆ. ಮುರಿದ ಅಂಚಿಗೆ ಮೊದಲು ಬರಿ ಅಸಿಟೋನ್ ಸವರಿ, ಮೇಲೆ ಈ ಹಿಟ್ಟು ತೆಳುವಾಗಿ ಪದರ ಪದರವಾಗಿ ಕಟ್ಟಿ. ಒಮ್ಮೆಲೇ ದಪ್ಪ ಹಾಕಿದರೆ ಒಳಗೆ ಗುಳ್ಳೆ ನಿಲ್ಲುತ್ತದೆ. ಅಸಿಟೋನ್ ಆರಿಹೋಗಿ ಉಳಿಯುವುದು ಅದೇ ಎಬಿಎಸ್. ಎರಡು ದಿನ ಬಿಟ್ಟು ಅರದಿಂದ ಆಕಾರ ಕೊಡಿ. ಒಲೆ, ಬೀಡಿ, ದೇವರ ದೀಪ ಎಲ್ಲದರಿಂದ ದೂರ ಕೂತು ಮಾಡಿ, ಅಸಿಟೋನ್ ಆವಿ ಬೆಂಕಿ ಹಿಡಿಯುವುದರಲ್ಲಿ ಪೆಟ್ರೋಲಿಗೆ ಕಡಿಮೆಯಿಲ್ಲ.

ಅಂಟಿಗಿಂತ ಕಾಯಿಸಿ ಬೆಸೆಯುವುದು ವಾಸಿನಾ?

ಪಿಪಿಗೆ, ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಹೌದು. ಅದು 160-165 ಡಿಗ್ರಿಗೆ ಕರಗುತ್ತದೆ, ಸಾಲ್ಡರಿಂಗ್ ಐರನ್ ಸಾಕು. ಅದೇ ಜಾತಿಯ ಕಡ್ಡಿ ಬೇಕು, ಅದೇ ಬಂಪರಿನ ಕಾಣದ ಒಳಅಂಚಿನಿಂದ ಒಂದು ಪಟ್ಟಿ ಕತ್ತರಿಸಿಕೊಂಡರೆ ಇನ್ನೂ ಒಳ್ಳೆಯದು. ಕೇಬಲ್ ಟೈ ಕರಗಿಸಿ ತುಂಬುವವರಿದ್ದಾರೆ. ಕೇಬಲ್ ಟೈ ನೈಲಾನ್, ಕರಗಲು 260 ಡಿಗ್ರಿ ಬೇಕು, ಪಿಪಿ ಜೊತೆ ಬೆರೆಯುವುದೂ ಇಲ್ಲ. ತಣ್ಣಗಾದ ಮೇಲೆ ಇಡಿಯಾಗಿ ಕಿತ್ತು ಬರುತ್ತದೆ. ಬಿಸಿ ಸ್ಟೇಪ್ಲರ್ (ಕಾದ ಪಿನ್ನನ್ನು ಪ್ಲಾಸ್ಟಿಕ್ಕಿನೊಳಗೆ ಹೂಳುವ ಉಪಕರಣ) ಚೆನ್ನಾಗಿದೆ, ಪಿನ್ನು ಸ್ಟೇನ್‌ಲೆಸ್ ಇರಲಿ, ಹಿಂಬದಿಯಿಂದ ಹಾಕಿ.

ಹೆಡ್‌ಲೈಟಿನ ಕಿವಿ ಮುರಿದಿದೆ.

ಕಿವಿ ಅಂದರೆ ದೀಪವನ್ನು ಕಾರಿಗೆ ಬಿಗಿಯುವ ಚಾಚು. ಅದಿರುವ ದೀಪದ ಡಬ್ಬಿ ಸಾಮಾನ್ಯವಾಗಿ ಟಾಲ್ಕ್ ಬೆರೆತ ಪಿಪಿ, ಬರಿ ಅಂಟು ಸಾಲದು. ಕೆಲವು ಮಾಡೆಲ್‌ಗಳಿಗೆ ಸ್ಕ್ರೂ ಹಾಕಿ ಕೂರಿಸುವ ರಿಪೇರಿ ಕಿವಿ ಬಿಡಿಯಾಗಿ ಸಿಗುತ್ತದೆ, ಮೊದಲು ಅದನ್ನು ವಿಚಾರಿಸಿ. ಸಿಗದಿದ್ದರೆ ಬೆಸೆದು, ಹಿಂದೆ ಲೋಹದ ಪಟ್ಟಿ ಕೊಡಿ. ಆಮೇಲೆ ಗೋಡೆ ಮುಂದೆ ನಿಲ್ಲಿಸಿ ಎರಡೂ ದೀಪದ ಬೆಳಕು ಒಂದೇ ಎತ್ತರಕ್ಕೆ ಬೀಳುತ್ತದಾ ನೋಡಿ. ಕಿವಿ 2 ಮಿ.ಮೀ. ಓರೆಯಾದರೂ ದೂರದಲ್ಲಿ ಬೆಳಕು ಎದುರಿನವರ ಕಣ್ಣಿಗೇ ಹೊಡೆಯುತ್ತದೆ.

ಮುಂದಿನ ಪಾರದರ್ಶಕ ಮುಚ್ಚಳವೇ ಬಿರುಕು ಬಿಟ್ಟಿದ್ದರೆ ಸಿಲಿಕೋನ್ ಎಳೆದು ನೀರು ತಡೆಯಬಹುದು, ತಾತ್ಕಾಲಿಕವಾಗಿ ಮಾತ್ರ. ಹುಳಿ ವಾಸನೆಯ ಸಿಲಿಕೋನ್ ತರಬೇಡಿ, ಅದರ ಆಮ್ಲ ಒಳಗಿನ ಲೋಹಕ್ಕೆ ಕೆಡುಕು.

ಯಾವುದನ್ನು ಅಂಟಿಸಲೇಬಾರದು?

ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್. ಒಳಗೆ 90-100 ಡಿಗ್ರಿ ಕೂಲೆಂಟ್, ವಾತಾವರಣದ ಒತ್ತಡದ ಮೇಲೆ ಇನ್ನೂ ಸುಮಾರು ಒಂದು ಬಾರ್. ದಿನಕ್ಕೆ ಎರಡು ಸಲ ಕಾದು ತಣಿಯುತ್ತದೆ. ಅಲ್ಲಿ ನೈಲಾನ್ ಹಣ್ಣಾಗಿಯೇ ಬಿರುಕು ಬಿಟ್ಟಿರುತ್ತದೆ, ಒಂದು ಕಡೆ ಮುಚ್ಚಿದರೆ ಪಕ್ಕದಲ್ಲಿ ಬಾಯಿ ಬಿಡುತ್ತದೆ. ಘಾಟಿಯ ನಡುವೆ ಅದು ಕೈಕೊಟ್ಟರೆ ಎಂಜಿನ್ನೇ ಹೋಗುತ್ತದೆ. ಎಂ-ಸೀಲ್ ಮೆತ್ತಿದ ರೇಡಿಯೇಟರ್‌ಗಳನ್ನು ನಾನೂ ನೋಡಿದ್ದೇನೆ, ಗ್ಯಾರೇಜ್ ಮುಟ್ಟುವವರೆಗೆ ಮಾತ್ರ ಅದು ಪರಿಹಾರ. ಒತ್ತಡ ಬೀಳುವ ಕೂಲೆಂಟ್ ಡಬ್ಬಿಗೂ ಇದೇ ಮಾತು.

ಪೆಟ್ರೋಲ್ ಟ್ಯಾಂಕ್, ಬ್ರೇಕ್ ಆಯಿಲ್ ಡಬ್ಬಿ: ಚರ್ಚೆಯೇ ಇಲ್ಲ, ಬದಲಾಯಿಸಿ.

ಏರ್‌ಬ್ಯಾಗ್ ಮುಚ್ಚಳ, ಅದರ ಮೇಲಿನ ಡ್ಯಾಶ್‌ಬೋರ್ಡ್. ಅದು ನಿಗದಿಯಾದ ಗೆರೆಯಲ್ಲಿ ಕ್ಷಣಾರ್ಧದಲ್ಲಿ ಹರಿಯಲೆಂದೇ ತೆಳುವಾಗಿ ಮಾಡಿದ್ದು. ಅಲ್ಲಿ ಅಂಟು ಹಾಕಿದರೆ ಹರಿಯಬೇಕಾದ್ದು ಹರಿಯದೆ, ಹರಿಯಬಾರದ ಚೂರು ಮುಖಕ್ಕೆ ಬರಬಹುದು.

ಹೊಸ ಕಾರುಗಳಲ್ಲಿ ಇನ್ನೊಂದು: ಬಂಪರಿನ ಹಿಂದೆ ಸುತ್ತಲ ವಾಹನಗಳನ್ನು ಗುರುತಿಸುವ ರೇಡಾರ್ ಇದ್ದರೆ ಅದರ ಎದುರಿನ ಜಾಗದಲ್ಲಿ ಅಂಟು, ಜಾಲರಿ, ದಪ್ಪ ಬಣ್ಣ ಯಾವುದೂ ಬೇಡ. ರೇಡಾರಿನ ಕಣ್ಣಿಗೆ ಪೊರೆ ಬಂದ ಹಾಗಾಗುತ್ತದೆ. ಹಾಗೆಯೇ, ಸೀಳಿದ್ದು ಹೊರಗಿನ ಬಂಪರ್ ಚರ್ಮ ಮಾತ್ರವೋ, ಒಳಗೆ ಪೆಟ್ಟು ತಡೆಯುವ ತೊಲೆಯೂ ಬಾಗಿದೆಯೋ ಅಂತ ಬಿಚ್ಚಿದಾಗ ನೋಡಿ. ತೊಲೆ ಬಾಗಿದ್ದರೆ ಅದು ಅಂಟಿನ ಕೆಲಸ ಅಲ್ಲ.

ಮಳೆಗಾಲದಲ್ಲಿ ಮಾಡಬಹುದಾ?

ಎಪಾಕ್ಸಿ, ಪಾಲಿಯುರೆಥೇನ್‌ಗಳ ಪ್ಯಾಕೆಟ್ ಮೇಲಿನ ಹೊತ್ತು ಸಾಮಾನ್ಯವಾಗಿ 23-25 ಡಿಗ್ರಿ ಲೆಕ್ಕದ್ದು. ಹತ್ತು ಡಿಗ್ರಿ ಏರಿದರೆ ಕ್ರಿಯೆ ಹೆಚ್ಚುಕಮ್ಮಿ ಎರಡರಷ್ಟು ಚುರುಕು, ಇಳಿದರೆ ಅರ್ಧ. ರಾಯಚೂರಿನ ಮೇ ತಿಂಗಳಲ್ಲಿ ಬೆರೆಸಿ ಎತ್ತುವಷ್ಟರಲ್ಲಿ ಗಟ್ಟಿಯಾಗುತ್ತದೆ, ಮಡಿಕೇರಿಯ ಜುಲೈಯಲ್ಲಿ ಮಾರನೇ ದಿನವೂ ಹಸಿ. ಪಾಲಿಯುರೆಥೇನ್ ಹಸಿ ಇದ್ದಾಗ ತೇವ ತಾಗಿದರೆ ನೊರೆಗಟ್ಟಿ ಒಳಗೆ ತೂತುತೂತಾಗುತ್ತದೆ. ಕರಾವಳಿಯವರು ಭಾಗವನ್ನು ಹೇರ್ ಡ್ರೈಯರಿನಲ್ಲಿ ಬೆಚ್ಚಗೆ ಒಣಗಿಸಿಕೊಂಡು ಶುರುಮಾಡಿ.

ಇನ್ಶೂರೆನ್ಸ್ ಇದೆಯಲ್ಲ, ಈ ರಾಮಾಯಣ ಯಾಕೆ?

ಲೆಕ್ಕ ಹಾಕಿ. ಝೀರೋ ಡೆಪ್ರಿಸಿಯೇಶನ್ (ಸವಕಳಿ ಕಡಿತ ಮಾಡದ ಸೌಲಭ್ಯ) ಇಲ್ಲದ ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಶೇ. 50 ಕಡಿತ. ಅದರ ಮೇಲೆ 1500 ಸಿಸಿವರೆಗಿನ ಕಾರಿಗೆ 1000 ರೂ., ಅದಕ್ಕಿಂತ ದೊಡ್ಡದಕ್ಕೆ 2000 ರೂ. ನಿಮ್ಮ ಜೇಬಿನದು. ಕ್ಲೇಮ್ ಮಾಡಿದ ವರ್ಷ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ) ಸೊನ್ನೆಗೆ ಬೀಳುತ್ತದೆ. ಐದು ವರ್ಷ ಕಾಪಾಡಿಕೊಂಡ ಶೇ. 50 ಬೋನಸ್ಸನ್ನು ಒಂದು ಸೀಳಿಗೆ ಕಳೆದುಕೊಳ್ಳುವುದು ನನಗೆ ಹೊಟ್ಟೆ ಉರಿಸುವ ವಿಚಾರ. ಬಂಪರ್ ಜೊತೆ ದೀಪ, ತೊಲೆ ಎಲ್ಲ ಹೋಗಿದ್ದರೆ ಮಾತ್ರ ಕ್ಲೇಮ್ ಮಾಡಿ.

ಸಾಮಾನು ಎಲ್ಲಿ ಸಿಗುತ್ತೆ?

ಬೆಂಗಳೂರಿನವರಿಗೆ ಬಿಡಿಭಾಗಗಳಿಗೆ ಜೆ.ಸಿ. ರಸ್ತೆ, ಹಳೇ ಬಂಪರ್, ಗ್ರಿಲ್ ತುಂಡುಗಳಿಗೆ ಶಿವಾಜಿನಗರದ ಗುಜರಿ. ಬೇರೆ ಊರಲ್ಲಿ ಕಾರಿನ ಪೇಂಟ್ ಮಾರುವ ಅಂಗಡಿಯೇ ಸರಿ, ಹಾರ್ಡ್‌ವೇರ್ ಅಂಗಡಿಯಲ್ಲ.

ಇನ್‌ಸ್ಟಂಟ್ ಗಮ್ಮಿಗೆ ಬೆರಳು ಬೆರಳು ಅಂಟಿಕೊಂಡಿದೆ!

ಎಳೆಯಬೇಡಿ. ಬೆಚ್ಚಗಿನ ಸೋಪುನೀರಿನಲ್ಲಿ ನೆನೆಸಿ, ಮೆಲ್ಲಗೆ ಉರುಳಿಸಿ ಬಿಡಿಸಿ. ಕಣ್ಣಿಗೆ ಬಿದ್ದರೆ ಅಸಿಟೋನ್ ಗಿಸಿಟೋನ್ ಏನೂ ಹಾಕದೆ, ನೀರಿನಲ್ಲಿ ತೊಳೆದು ಸೀದಾ ಡಾಕ್ಟರ ಹತ್ತಿರ ಹೋಗಿ.

ಮಾಡಿದ ರಿಪೇರಿ ಎಷ್ಟು ದಿನ ಬರುತ್ತೆ?

ನನ್ನ ಆ 12, ಅಲ್ಲ, 15 ಸೆಂ.ಮೀ. ಸೀಳಿಗೆ ಇದು ಮೂರನೇ ಮಳೆಗಾಲ. ಹೋದ ತಿಂಗಳು ತೊಳೆಯುವಾಗ ಬಣ್ಣದ ಮೇಲೆ ಎರಡು ಬೆರಳಗಲ ಸಣ್ಣ ಗೆರೆ ಕಂಡಿತು. ಪೇಂಟಿಗೆ ಬಾಗುಗುಣ ಕೊಡುವ ಫ್ಲೆಕ್ಸ್ ಅಡಿಟಿವ್ ಬೆರೆಸಲು ಅವತ್ತು ಸೋಮಾರಿತನ ಮಾಡಿದ್ದೆ, ಅದರ ಫಲ. ಹಿಂದೆ ಕೈ ತೂರಿಸಿ ಒತ್ತಿ ನೋಡಿದೆ. ಜಾಲರಿ ಅಲುಗಲಿಲ್ಲ, 3 ಮಿ.ಮೀ. ತೂತಿನಾಚೆ ಏನೂ ದಾಟಿಲ್ಲ. ಬಣ್ಣದ ಕೆಲಸ ದೀಪಾವಳಿ ರಜೆಗೆ ಇಟ್ಟುಕೊಂಡಿದ್ದೇನೆ.